ಎಸ್ಪ್ರೆಸೊ ಮಷಿನ್ ಸುಧಾರಣಾ ಕೈಪಿಡಿ: ಗದಗ ಜಿಲ್ಲಾ ಆವೃತ್ತಿ

ಈ ಕೈಪಿಡಿ ಯಾರಿಗೆ?

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸೀಮೆಯ ಚಹಾ ಕುಡಿಯುವ ಮನೆತನಗಳಲ್ಲಿ ಹುಟ್ಟಿ, ಬೆಂಗಳೂರಿನ ನೌಕರಿಯಲ್ಲಿ ಕಾಫಿಯ ಚಟ ಹತ್ತಿಸಿಕೊಂಡು, ಊರಿಗೆ ಮರಳುವಾಗ ಎಸ್ಪ್ರೆಸೊ ಮಷಿನ್ನನ್ನೂ ಹೊತ್ತು ತಂದವರಿಗೆ. ಪೆಟ್ಟಿಗೆಯೊಳಗಿನ ಕೈಪಿಡಿ ಬರೆದವರಿಗೆ ಸವಳು ನೀರು, ಎಮ್ಮೆ ಹಾಲು ಮತ್ತು ಕಾಕಾ ಈ ಮೂರರ ಕಲ್ಪನೆ ಇರಲಿಲ್ಲ. ಆ ಕೊರತೆ ತುಂಬಲು ಈ ಆವೃತ್ತಿ.

ಮಷಿನ್ ಹೂಡುವುದು

ಮಷಿನ್ 1,000ದಿಂದ 1,500 ವ್ಯಾಟ್ ಎಳೆಯುತ್ತದೆ. ದೊಡ್ಡ ಪಿನ್ನಿನ, ಅರ್ಥಿಂಗ್ ಸರಿಯಿರುವ ಸಾಕೆಟ್ಟಿಗೇ ಹಚ್ಚಿ. ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ ಮಿಕ್ಸರಿನ ಜೊತೆ ಪಾಲುದಾರಿಕೆ ಬೇಡ. ಹೂಡಿದ ಮೊದಲ ದಿನವೇ ಕೆಳಗಿನ ಸಂಭಾಷಣೆ ನಡೆಯುತ್ತದೆ, ಸಿದ್ಧರಾಗಿರಿ.

“ಏನಪಾ ಇದು?”

“ಕಾಫಿ ಮಷಿನ್, ಕಾಕಾ.”

“ಮದುವಿ ಮನ್ಯಾಗ ಸೊಂಯ್ ಅಂತ ನೊರಿ ಎಬ್ಬಸ್ತಾರಲ್ಲ, ಅದಾ?”

“ಹೌದ್ರಿ” ಎಂದು ಮುಗಿಸುವುದು ಕ್ಷೇಮ. ಅಲ್ಲ ಎಂದರೆ ಪೂರ್ತಿ ವಿವರಿಸಬೇಕಾಗುತ್ತದೆ. ಮದುವೆ ಮನೆಯ ಮಷಿನ್ ಕೊಡುವುದು ಬರೀ ಉಗಿ. ಅದು ಹಾಲು, ಸಕ್ಕರೆ, ಇನ್‌ಸ್ಟಂಟ್ ಪುಡಿಯನ್ನು ಕಲಕಿ ನೊರೆ ಎಬ್ಬಿಸುತ್ತದೆ. ಎಸ್ಪ್ರೆಸೊದಲ್ಲಿ ಬಿಗಿದು ಕೂರಿಸಿದ ಪುಡಿಯ ಮೂಲಕ ಬಿಸಿನೀರನ್ನು 9 ಬಾರ್ ಒತ್ತಡದಲ್ಲಿ ನುಗ್ಗಿಸುತ್ತಾರೆ. 58 ಮಿಲಿಮೀಟರ್ ಅಗಲದ ಪುಡಿಯ ಬಿಲ್ಲೆಯ ಮೇಲೆ ಆಗ ಬೀಳುವ ಭಾರ ಸುಮಾರು 240 ಕೆ.ಜಿ.; ಎಪಿಎಂಸಿ ಲೆಕ್ಕದಲ್ಲಿ ಎರಡು ಕ್ವಿಂಟಲ್ ನಲವತ್ತು. ಇಟಲಿಯ ಅಕಿಲೆ ಗಾಜಿಯಾ 1938ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ಕಾಲದಿಂದ ಈ ವಿದ್ಯೆ ಬೆಳೆಯುತ್ತ ಬಂದಿದೆ. ಇಷ್ಟು ಭಾರ ಹೇರಿ, 18 ಗ್ರಾಂ ಪುಡಿಯಿಂದ ಸುಮಾರು 25–30 ಸೆಕೆಂಡಿನಲ್ಲಿ ಇಳಿಸುವುದು 36 ಗ್ರಾಂ ಕಾಫಿ ಎಂದು ನೀವು ಹೇಳಿ ಮುಗಿಸುವ ಹೊತ್ತಿಗೆ ಕಾಕಾ ಒಳಗೆ ತಿರುಗಿ, “ಯವ್ವಾ, ನನಗ ಚಹಾನ ಇಡು” ಎಂದಿರುತ್ತಾರೆ.

ಮೂಲ ನಿಯಮ

ಯಾವ ಬಿಡಿಭಾಗ ಹೆಚ್ಚು ಮಿಂಚುತ್ತದೆಯೋ ಅದನ್ನು ಕಡೆಗೆ ಕೊಳ್ಳಿ. ಸುಧಾರಣೆ ಮಷಿನ್ನಿನ ಹೊರಗಿನಿಂದ ಒಳಕ್ಕೆ ನಡೆಯಬೇಕು. ತಳವಿಲ್ಲದ ಪೋರ್ಟಾಫಿಲ್ಟರು (ಪುಡಿಯ ಬಾಸ್ಕೆಟ್ ಕೂರುವ ಹಿಡಿ), ತೇಗದ ಹಿಡಿಕೆ, ಡಿಜಿಟಲ್ ಅಂಕಿ ತೋರುವ ಪೆಟ್ಟಿಗೆ ಇವು ಫೋಟೊಕ್ಕೆ ಚೆಂದ. ನಾಲಿಗೆಗೆ ತಿಳಿಯುವ ಭಾಗಗಳು ಬೇರೆ.

ಹಂತ 1: ನೀರನ್ನು ಬದಲಿಸಿ

ಕಾಫಿಯಲ್ಲಿ ಹೆಚ್ಚಿನ ಪಾಲು ನೀರೇ. ನಮ್ಮ ಜಿಲ್ಲೆಯಲ್ಲಿ ಮೊದಲು ಬದಲಿಸಬೇಕಾದ ಬಿಡಿಭಾಗವೂ ಅದೇ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳಿತು, ಬೇರೆ ಗತಿಯಿಲ್ಲದಿದ್ದರೆ 600ರವರೆಗೆ ನಡೆದೀತು ಎನ್ನುತ್ತದೆ ಭಾರತೀಯ ಮಾನಕ ಸಂಸ್ಥೆ. ನಿಮಗೆ ನಡೆದೀತು, ಮಷಿನ್ನಿಗೆ ನಡೆಯದು. ಗಡಸು ನೀರು ಕಾದಾಗ ಸುಣ್ಣದಂಶ ಬೇರ್ಪಟ್ಟು ಬಾಯ್ಲರಿಗೆ ಹತ್ತುತ್ತದೆ. ಬಚ್ಚಲಿನ ಹಂಡೆಯೊಳಗೆ ಕೈ ಹಾಕಿ ನೋಡಿ. ಉಗುರಿಗೂ ಏಳದ ಆ ಬಿಳಿ ಪದರೇ ಬಾಯ್ಲರಿನೊಳಗೂ ಕಟ್ಟುವುದು. ಹಂಡೆಯನ್ನು ಉಜ್ಜಬಹುದು, ಬಾಯ್ಲರಿನ ಕೊಳವೆಯೊಳಗೆ ಕೈ ಹೋಗುವುದಿಲ್ಲ.

ಪ್ರದೇಶವಾರು ಸೂಚನೆ: ಗದಗ-ಬೆಟಗೇರಿಯವರು ಹಮ್ಮಿಗಿ ಕಡೆಯಿಂದ ಬರುವ ತುಂಗಭದ್ರೆಯ ನೀರನ್ನು ನಳ ಬಂದ ದಿನವೇ ಬೇರೆ ಕೊಡದಲ್ಲಿ ತೆಗೆದಿಡಿ. ಟಾಕಿಯಲ್ಲಿ ಬೋರಿನ ನೀರಿನೊಂದಿಗೆ ಅದು ಕೂಡಿತೆಂದರೆ ಲೆಕ್ಕ ಕೆಟ್ಟಿತು. ಮಳೆಗಾಲದಲ್ಲಿ ಹೊಳೆಗೆ ಹೊಸ ನೀರು ಬಂದಾಗ ತಿಳಿಯಾಗಲು ಬಿಟ್ಟು, ಸೋಸಿ ಬಳಸಿ. ಲಕ್ಷ್ಮೇಶ್ವರ, ಶಿರಹಟ್ಟಿಯವರು ಹೊಳೆ ನೀರು ಸಿಕ್ಕಾಗ ಇದೇ ಕ್ರಮ ಪಾಲಿಸಿ. ಮುಂಡರಗಿ ತಾಲ್ಲೂಕಿನ ಬೋರಿನ ನೀರಿನಲ್ಲಿ ಫ್ಲೋರೈಡಿನ ಕಾಟವೂ ಇದೆ. ಕುದಿಸಿದರೆ ಅದು ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ. ಅಲ್ಲಿ ಬೋರಿನ ನೀರನ್ನು ಮಷಿನ್ನಿಗೂ ಹಾಕಬೇಡಿ, ನಿಮಗೂ ಹಾಕಿಕೊಳ್ಳಬೇಡಿ.

ನಾಣ್ಯ ಹಾಕಿ ಕೊಡ ತುಂಬಿಸುವ ಶುದ್ಧ ನೀರಿನ ಘಟಕದ ಆರ್‌ಒ ನೀರು ಬಾಯ್ಲರಿಗೆ ಹಿತ. ಆದರೆ ಖನಿಜ ತೀರ ಕಡಿಮೆಯಾದರೆ ಕಾಫಿ ಸಪ್ಪೆ. ಆದ್ದರಿಂದ ಆರ್‌ಒ ನೀರಿಗೆ ಸೋಸಿದ ಹೊಳೆ ನೀರು ಬೆರೆಸಿ, ಟಿಡಿಎಸ್ ಮೀಟರಿನಲ್ಲಿ 150ರ ಆಸುಪಾಸು ಬರುವಂತೆ ನೋಡಿಕೊಳ್ಳಿ. ಆ ಮೀಟರನ್ನು ಓಣಿಯವರಿಗೆ ತೋರಿಸಬೇಡಿ. ಸಂಜೆಯೊಳಗೆ ಎಲ್ಲರ ಮನೆಯ ನೀರೂ ನಿಮ್ಮ ಕಟ್ಟೆಗೆ ಬಂದಿರುತ್ತದೆ.

ಹಂತ 2: ಬೀಜ ಮತ್ತು ಗ್ರೈಂಡರ್

ದೇಶದ ಕಾಫಿಯಲ್ಲಿ ಸುಮಾರು 70 ಭಾಗ ನಮ್ಮ ರಾಜ್ಯದಲ್ಲೇ ಬೆಳೆಯುತ್ತದೆ. ಚಿಕ್ಕಮಗಳೂರಿನ ಬೀಜ ತರಿಸಿಕೊಳ್ಳುವಾಗ ಹುರಿದ ತಾರೀಖು ಕೇಳಿ. ತಾರೀಖಿಲ್ಲದ ಪೊಟ್ಟಣ ಬೇಡ. ಚಿಕೋರಿ ಬೆರೆತ ಫಿಲ್ಟರ್ ಪುಡಿಯನ್ನು ಬಾಸ್ಕೆಟ್ಟಿಗೆ ಹಾಕಬೇಡಿ. ಚಿಕೋರಿ ನೀರು ಕುಡಿದು ಮೆತ್ತಗಾಗಿ ದಾರಿ ಕಟ್ಟುತ್ತದೆ. ಅದರ ಜಾಗ ಹಿತ್ತಾಳೆ ಫಿಲ್ಟರು.

ಮಿಕ್ಸರಿನಲ್ಲಿ ಬೀಸಿದರೆ ಅರ್ಧ ರವೆ, ಅರ್ಧ ಹಿಟ್ಟು. ರವೆ ರುಚಿ ಬಿಡುವುದಿಲ್ಲ, ಹಿಟ್ಟು ಕಹಿ ಬಿಡುತ್ತದೆ, ಎರಡೂ ಒಂದೇ ಬಟ್ಟಲಿಗೆ ಇಳಿಯುತ್ತವೆ. ಮಷಿನ್ನಿಗೆ ಹಾಕಬೇಕೆಂದಿದ್ದ ರೊಕ್ಕವನ್ನು ಒಳ್ಳೆಯ ಬರ್ ಗ್ರೈಂಡರಿಗೆ ಹಾಕಿ. ಕೈಯಿಂದ ತಿರುಗಿಸುವುದಾದರೂ ಸರಿ. ಕರೆಂಟು ಹೋದಾಗ ನಿಮ್ಮ ಮನೆಯಲ್ಲಿ ನಡೆಯುವ ಏಕೈಕ ಯಂತ್ರ ಅದೇ ಆಗಿರುತ್ತದೆ. ಮಿಕ್ಸರಿನಲ್ಲಿ ಬೀಸುವ ಹಟ ಇನ್ನೂ ಇದ್ದರೆ ಒಂದು ಎಚ್ಚರಿಕೆ: ಮಿಕ್ಸರಿನಲ್ಲಿ ನಿನ್ನೆ ಶೇಂಗಾ ಚಟ್ನಿಪುಡಿ ಆಗಿದೆ, ಅದಕ್ಕೆ ಬ್ಯಾಡಗಿ ಮೆಣಸಿನಕಾಯಿ ಬಿದ್ದಿದೆ.

ಹಂತ 3: ಬಾಸ್ಕೆಟ್ ಮತ್ತು ಟ್ಯಾಂಪರ್

ಅಗ್ಗದ ಮಷಿನ್ನುಗಳ ಬಾಸ್ಕೆಟ್ಟಿಗೆ ಎರಡು ತಳ. ಒಳಗಿನದಕ್ಕೆ ನೂರಾರು ತೂತು, ಹೊರಗಿನದಕ್ಕೆ ಒಂದೇ. ಪುಡಿ ಹೇಗಿದ್ದರೂ ಆ ಒಂದು ತೂತಿನಿಂದ ಚಿಮ್ಮಿ ಸುಳ್ಳು ನೊರೆ ಬರುತ್ತದೆ. ಒಂದೇ ತಳದ ಬಾಸ್ಕೆಟ್ ಹಾಕಿದ ದಿನ ನೊರೆ ಹೋಗಿ ನಿಜ ಗೊತ್ತಾಗುತ್ತದೆ. ಗ್ರೈಂಡರ್ ಬರುವವರೆಗೆ ಈ ಹಂತಕ್ಕೆ ಕೈ ಹಾಕಬೇಡಿ.

ಪೆಟ್ಟಿಗೆಯಲ್ಲಿ ಬರುವ, ಪುಡಿ ಒತ್ತುವ ಪ್ಲಾಸ್ಟಿಕ್ ಟ್ಯಾಂಪರ್ ಬಾಸ್ಕೆಟ್ಟಿಗಿಂತ ಸಣ್ಣದು. ಅಂಚಿನ ಪುಡಿ ಸಡಿಲ ಉಳಿಯುತ್ತದೆ. ನೀರು ಗಟ್ಟಿ ನೆಲ ಬಿಟ್ಟು ಎರೆಹೊಲದ ಬಿರುಕಿಗೆ ನುಗ್ಗಿದಂತೆ ಆ ಅಂಚಿನಿಂದಲೇ ಜಾರಿಹೋಗುತ್ತದೆ. ಹೊಸ ಟ್ಯಾಂಪರಿಗೆ ದೂರ ಹೋಗಬೇಕಿಲ್ಲ. ಗದಗಿನ ಯಾವುದಾದರೂ ಲೇಥ್ ಅಂಗಡಿಗೆ ಬಾಸ್ಕೆಟ್ಟನ್ನೇ ಒಯ್ಯಿರಿ. ಮಿಸ್ತ್ರಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ ಕೇಳುತ್ತಾರೆ: “ಇದು ಯಾವ ಗಾಡಿದರೀ?”

ಕಾಫಿಯದು ಎಂದರೆ ನಗುತ್ತಾರೆ. ಆದರೆ ವರ್ನಿಯರ್ ಹಿಡಿದ ಮೇಲೆ ನಗುವುದಿಲ್ಲ. ಒಳಗಿನ ಅಳತೆ 58.7 ಬಂತೆನ್ನಿ, 58.5ಕ್ಕೆ ಇಳಿಸುತ್ತಾರೆ. ಸ್ಟೀಲ್ ಸುರುಳಿ ಸುರುಳಿಯಾಗಿ ಸಿಡಿದು ಬಿದ್ದ ಮೇಲೆ ಬಾಸ್ಕೆಟ್ಟಿಗೆ ಇಳಿಬಿಟ್ಟು ನೋಡುತ್ತಾರೆ. ಗಾಳಿ ಹೊರಬೀಳುತ್ತ ಅದು ಮೆಲ್ಲಗೆ ಕೂರಬೇಕು. ಟಕ್ ಎಂದು ಬಿದ್ದರೆ ಸಡಿಲ. ಸ್ಟೀಲ್ 304 ಎಂದು ಮೊದಲೇ ಹೇಳಿ, ಮನೆಗೆ ತಂದು ಕಟಿಂಗ್ ಆಯಿಲ್ ವಾಸನೆ ಹೋಗುವವರೆಗೆ ತೊಳೆಯಿರಿ.

ಒತ್ತುವ ಮುನ್ನ ತೆಳು ಸೂಜಿಯಿಂದ ಪುಡಿಯ ಗಂಟು ಬಿಡಿಸಿ. ಕೌದಿ ಹೊಲಿಯುವ ಸೂಜಿ ದಪ್ಪವಾಯಿತು. ಅಜ್ಜಿ ಅದನ್ನು ಹುಡುಕುತ್ತಲೂ ಇದ್ದಾರೆ.

ಹಂತ 4: ಗ್ಯಾಸ್ಕೆಟ್ ಮತ್ತು ಜಾಲರಿ

ಪೋರ್ಟಾಫಿಲ್ಟರಿನ ಅಂಚಿನಿಂದ ನೀರು ಜಿನುಗಿದರೆ ರಬ್ಬರ್ ಗ್ಯಾಸ್ಕೆಟ್ ಸೆಟೆದಿದೆ. ಮಷಿನ್ ಆರಿಸಿ, ಪ್ಲಗ್ ಕಿತ್ತು, ಪೂರ್ತಿ ತಣ್ಣಗಾದ ಮೇಲೆ ಹಳೆಯದನ್ನು ಎಬ್ಬಿ ತೆಗೆಯಿರಿ. ತುಂಡು ತುಂಡಾಗಿ ಬರುತ್ತದೆ. ಸಿಲಿಕೋನಿನದು ಹಾಕಿದರೆ ಬಾಳಿಕೆ ಹೆಚ್ಚು. ಪಂಪ್‌ಸೆಟ್ಟಿನ ವಾಶರ್ ಅಳತೆಗೆ ಸರಿಯಾಗಿ ಕೂರಬಹುದು. ಆದರೂ ಬೇಡ, ಅದು ಬಾಯಿಗೆ ಹೋಗುವ ವಸ್ತುವಿಗಾಗಿ ಮಾಡಿದ್ದಲ್ಲ. ಪುಡಿಯ ಮೇಲೆ ನೀರು ಸುರಿಸುವ ಜಾಲರಿಯನ್ನೂ ಬಿಚ್ಚಿ ಹಿಂಬದಿ ನೋಡಿ. ಅಲ್ಲಿ ಕಂಡದ್ದನ್ನು ಮನೆಯವರಿಗೆ ಹೇಳಬೇಡಿ, ತೊಳೆದು ಹಾಕಿ.

ಹಂತ 5: ಸ್ಪ್ರಿಂಗ್ ಮತ್ತು ಪಿಐಡಿ

ಪೆಟ್ಟಿಗೆಯ ಮೇಲೆ “15 ಬಾರ್” ಎಂದು ದಪ್ಪಕ್ಷರದಲ್ಲಿ ಅಚ್ಚಾಗಿರುವುದು ಪಂಪಿನ ತಾಕತ್ತು. ಕಾಫಿಗೆ ಬೇಕಾದ್ದು 9. ಕೆಲವು ಮಷಿನ್ನುಗಳಲ್ಲಿ ಒತ್ತಡ ತಗ್ಗಿಸುವ ಕವಾಟದ ಸ್ಪ್ರಿಂಗ್ ಬದಲಿಸಿದರೆ 9ಕ್ಕೆ ನಿಲ್ಲುತ್ತದೆ. ಪಿಐಡಿ ಎಂಬ ಪೆಟ್ಟಿಗೆ ಬಾಯ್ಲರಿನ ಶಾಖ ಅತ್ತಿತ್ತ ಓಲಾಡದಂತೆ ಹಿಡಿದು, ನೀರು 90–96 ಡಿಗ್ರಿಯಲ್ಲಿ ಪುಡಿಗೆ ತಲುಪಲು ನೆರವಾಗುತ್ತದೆ. ಎರಡೂ ಕೆಲಸಕ್ಕೆ ಮುಚ್ಚಳ ತೆಗೆಯಬೇಕು, ಒಳಗೆ 230 ವೋಲ್ಟ್ ಇರುತ್ತದೆ. ತಿಳಿದವರನ್ನು ಕರೆಯಿರಿ.

ಹಂತ 6: ಹಾಲು

ಎಮ್ಮೆಯ ಹಸಿ ಹಾಲನ್ನು ಮೊದಲೇ ಕಾಯಿಸಿ ಆರಿಸಿ ಫ್ರಿಜ್ಜಿನಲ್ಲಿಡಿ. ಮಷಿನ್ನಿನ ಉಗಿಯಲ್ಲಿ ಅದನ್ನು 60–65 ಡಿಗ್ರಿ ದಾಟಿಸಬೇಡಿ. ದಾಟಿದರೆ ಸಿಹಿ ತಗ್ಗಿ ನೊರೆ ಒರಟಾಗುತ್ತದೆ. ಚಹಾವನ್ನು ಮೂರು ಸಲ ಉಕ್ಕಿಸದೆ ಇಳಿಸದ ಮನೆಯಲ್ಲಿ ಇದನ್ನು ಗಟ್ಟಿಯಾಗಿ ಹೇಳಬೇಡಿ.

ದೋಷ ಮತ್ತು ಪರಿಹಾರ

ಕಾಫಿ ಹುಳಿ, ಬೇಗ ಇಳಿಯುತ್ತದೆ: ಇನ್ನೂ ಸಣ್ಣಗೆ ಬೀಸಿ.

ಕಾಫಿ ಕಹಿ, ಹನಿ ಹನಿ ಬೀಳುತ್ತದೆ: ತುಸು ದಪ್ಪ ಬೀಸಿ.

ತಳವಿಲ್ಲದ ಪೋರ್ಟಾಫಿಲ್ಟರಿನಿಂದ ಗೋಡೆಗೆ ಚಿಮ್ಮುತ್ತದೆ: ಹಂತ 3 ಮತ್ತೊಮ್ಮೆ ಓದಿ. ಗೋಡೆ ಒರೆಸಿ.

ನಡುವೆ ಕರೆಂಟು ಹೋಯಿತು: ಇಳಿದಷ್ಟನ್ನು ಕುಡಿಯಿರಿ.

“ಇಷ್ಟನ? ಉಳಿದಿದ್ದು ಎಲ್ಲೈತಿ?” ಎಂದು ಅತಿಥಿ ಕೇಳುತ್ತಾರೆ: ಹಂತ 6ರ ಹಾಲು ಸೇರಿಸಿ ಲೋಟ ತುಂಬಿಸಿ. ಸಕ್ಕರೆ ಕೇಳಿದರೆ ಕೊಡಿ, ಉಪನ್ಯಾಸ ಕೊಡಬೇಡಿ.

ಖಾತರಿ

ಮೊದಲ ನಾಲ್ಕು ಹಂತಗಳಲ್ಲಿ ಮಷಿನ್ನಿನ ಮುಚ್ಚಳಕ್ಕೆ ಕೈ ಹಚ್ಚುವ ಪ್ರಸಂಗವೇ ಇಲ್ಲ. ನಾಲಿಗೆಗೆ ತಿಳಿಯುವ ಸುಧಾರಣೆಯೂ ಬಹುಪಾಲು ಅಲ್ಲಿಗೇ ಮುಗಿದಿರುತ್ತದೆ. ಐದನೆಯದಕ್ಕೆ ಸ್ಕ್ರೂಡ್ರೈವರ್ ಹಿಡಿಯುವ ಮುನ್ನ ಕಂಪನಿಯ ಖಾತರಿ ಪತ್ರವನ್ನೂ ಮನೆಯವರ ಮುಖವನ್ನೂ ಒಮ್ಮೆ ಓದಿಕೊಳ್ಳಿ. ಕಂಪನಿಯ ಖಾತರಿ ತಪ್ಪಿದರೆ ರೊಕ್ಕ ಹೋದೀತು. ಮನೆಯವರ ಖಾತರಿ ತಪ್ಪಿದರೆ ಅಡುಗೆಮನೆಯ ಕಟ್ಟೆಯ ಮೇಲಿನ ಒಂದೂವರೆ ಅಡಿ ಜಾಗವೇ ಹೋಗುತ್ತದೆ, ಮತ್ತು ಆ ಬಿಡಿಭಾಗ ಎಲ್ಲೂ ಮಾರಾಟಕ್ಕಿಲ್ಲ.