ಒಂದು ಸಣ್ಣ ಪ್ರಶ್ನೆ

ವಂದನಾರ್ಪಣೆಗೆ ಇನ್ನೇನು ಮೈಕು ಕೈ ಬದಲಾಗಬೇಕು, ಹಿಂದಿನ ಬಾಗಿಲಿನಿಂದ ಸಾರಿನ ಒಗ್ಗರಣೆ ಘಮ್ಮೆನ್ನಬೇಕು, ಅಷ್ಟರಲ್ಲಿ ಎರಡನೇ ಸಾಲಿನಿಂದ ಒಂದು ಕರಿಕೋಟು ಮೇಲೇಳುತ್ತದೆ. “ಸಾರ್, ಒಂದು ಸಣ್ಣ ಪ್ರಶ್ನೆ.” ಕೂತಿದ್ದ ವಕೀಲರೆಲ್ಲ ಒಟ್ಟಿಗೆ ಬಿಟ್ಟ ನಿಟ್ಟುಸಿರಿಗೆ ವೇದಿಕೆಯ ಬ್ಯಾನರು ಅಲ್ಲಾಡುತ್ತದೆ.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕರಲ್ಲಿ ಯಾವ ಊರಿನ ವಕೀಲರು ಕಾನೂನು ಕಾರ್ಯಾಗಾರ ಮಾಡಿದರೂ ಆ ಕೋಟು ಅಲ್ಲಿರುತ್ತದೆ. ಇಂಥವರು ಊರಿಗೊಬ್ಬರಾದರೂ ಇರುತ್ತಾರಂತೆ. ನಮ್ಮವರ ಹೆಸರು ಹೇಳುವುದಿಲ್ಲ. ಅವರ ಹತ್ತಿರ ನಾನು ಆರು ವರ್ಷ ಜೂನಿಯರ್ ಆಗಿದ್ದವನು. ಅವರ ಬೀರುವಿನ ಎರಡು ಪುಸ್ತಕ ಇನ್ನೂ ನನ್ನ ಮನೆಯಲ್ಲೇ ಇವೆ. ‘ಸಣ್ಣಪ್ರಶ್ನೆ ಸಾರು’ ಅಂದರೆ ನಾಲ್ಕೂ ತಾಲ್ಲೂಕಿನ ಕೋರ್ಟಿನ ಟೀ ಅಂಗಡಿಯವರಿಗೂ ಗೊತ್ತಾಗುತ್ತದೆ.

ಅವರು ಹೋಗಲೇಬೇಕೆಂಬ ಕಾನೂನಿಲ್ಲ, ಅದೇ ಸೋಜಿಗ. ಕರ್ನಾಟಕದ ಡಾಕ್ಟರು ನೋಂದಣಿ ನವೀಕರಿಸಿಕೊಳ್ಳಬೇಕಾದರೆ ಐದು ವರ್ಷಕ್ಕೆ 30 ಕ್ರೆಡಿಟ್ ಗಂಟೆ ತೋರಿಸಬೇಕು. ಅಮೆರಿಕದ ಮಿನ್ನೆಸೋಟದಲ್ಲಿ ವಕೀಲರೂ 1975ರಿಂದ ಗಂಟೆ ಲೆಕ್ಕ ಒಪ್ಪಿಸುತ್ತಿದ್ದಾರೆ, ಮೂರು ವರ್ಷಕ್ಕೆ 45. ನಮ್ಮ 1961ರ ವಕೀಲರ ಕಾಯ್ದೆಯು ವಿಚಾರಸಂಕಿರಣ, ಉಪನ್ಯಾಸ ಏರ್ಪಡಿಸುವುದನ್ನು ರಾಜ್ಯ ವಕೀಲರ ಪರಿಷತ್ತಿನ ಕೆಲಸವೆಂದು ಬರೆದಿದೆ. ಕೇಳಿಸಿಕೊಳ್ಳುವುದು ಯಾರ ಕೆಲಸವೆಂದು ಬರೆದಿಲ್ಲ. 2009-10ರಿಂದೀಚೆಗೆ ಪಾಸಾದವರು ಅಖಿಲ ಭಾರತ ವಕೀಲರ ಪರೀಕ್ಷೆ ಪಾಸು ಮಾಡಬೇಕು, ಅದೂ ಒಂದೇ ಸಲ. ಆಮೇಲೆ ಕೋಟು ಸವೆದು ಬೂದಿಬಣ್ಣಕ್ಕೆ ಬಂದರೂ ಏನು ಓದಿದೆಯಪ್ಪ ಅಂತ ಕೇಳುವವರಿಲ್ಲ. ಇಂಗ್ಲೆಂಡಿನ ಸಾಲಿಸಿಟರುಗಳಿಗಿದ್ದ ವರ್ಷಕ್ಕೆ 16 ಗಂಟೆಯ ನಿಯಮವನ್ನು 2016ರಲ್ಲಿ ಕೈಬಿಟ್ಟರಂತೆ ಎಂದು ಅವರಿಗೆ ಹೇಳಿದೆ. ಒಂದು ಗಳಿಗೆ ಯೋಚಿಸಿ, “ಊಟ ಸರಿಯಿರ್ಲಿಲ್ಲವೇನೋ” ಅಂದರು.

ಅವರಿಗೆ ಕಾನೂನು ನೆನಪಿರುವುದೇ ಊಟದ ಮೂಲಕ. ಪೋಕ್ಸೋ ಅಂದರೆ ನಾಗಮಂಗಲದ ಬಸ್ಸಾರು, ಸೈಬರ್ ಅಪರಾಧ ಅಂದರೆ ಮೇಲುಕೋಟೆಯಿಂದ ತರಿಸಿದ್ದ ಪುಳಿಯೋಗರೆ. ಪ್ರಮಾಣಪತ್ರಗಳನ್ನೆಲ್ಲ ಲ್ಯಾಮಿನೇಟ್ ಮಾಡಿಸಿ ಆಫೀಸಿನ ಗೋಡೆಗೆ ಹೊಡೆದಿದ್ದಾರೆ. “ಇಷ್ಟೊಂದ್ ಸಲ ಪರೀಕ್ಸೆ ಕಟ್ಟಿದ್ರಾ ಸಾ?” ಎಂದು ಒಬ್ಬ ಕಕ್ಷಿದಾರ ಮರುಗಿದ್ದನ್ನು ಕಿವಿಯಾರೆ ಕೇಳಿದ್ದೇನೆ.

ಓಡಾಟವೆಲ್ಲ ನನ್ನ ಬೈಕಿನಲ್ಲಿ. ಪಾಂಡವಪುರದಿಂದ ಚಿನಕುರಳಿ ದಾಟಿ ಕೆ.ಆರ್. ಪೇಟೆಗೆ, ಜಕ್ಕನಹಳ್ಳಿ ಮೇಲೆ ನಾಗಮಂಗಲಕ್ಕೆ. ಮುಂದೆ ಕಬ್ಬಿನ ಗಾಡಿ, ಹಿಂದೆ ಸೀನಿಯರ್ರು, ಅವರ ತೊಡೆಯ ಮೇಲೆ ಲಾಂಗ್ ನೋಟ್‌ಬುಕ್ಕು. ದಾರಿಯಲ್ಲಿ ಆಲೆಮನೆಯ ಹೊಗೆ ಕಂಡರೆ ನನ್ನ ಬೆನ್ನಿಗೆ ಎರಡು ಸಲ ತಟ್ಟುತ್ತಿದ್ದರು. ಬಿಸಿಬೆಲ್ಲ ತಿಂದ ಕೈಯಲ್ಲೇ ನೋಟ್‌ಬುಕ್ಕು. ಅದರ ಹಾಳೆಗಳು ಅಂಟಿಕೊಂಡಿರುವುದಕ್ಕೆ ಅದೇ ಕಾರಣ.

ಇನ್ನು ಆ ಪ್ರಶ್ನೆ. ಸಂಪನ್ಮೂಲ ವ್ಯಕ್ತಿ ಚೆಕ್ ಬೌನ್ಸ್ ಬಗ್ಗೆ ಮಾತಾಡಲಿ, ಮೋಟಾರು ಅಪಘಾತದ ಪರಿಹಾರದ ಬಗ್ಗೆ ಮಾತಾಡಲಿ, ಪ್ರಶ್ನೆ ಒಂದೇ. ಕೆ.ಆರ್. ಪೇಟೆ ಕಡೆಯ ಒಬ್ಬ ಹೆಣ್ಣುಮಗಳು. ಆಷಾಢ ಬಂದುಬಿಡುತ್ತದೆಂದು 1994ರ ಜೂನ್‌ನಲ್ಲೇ ತರಾತುರಿಯಲ್ಲಿ ಮದುವೆ ಮುಗಿಸಿದರು. ಜುಲೈ 30ಕ್ಕೆ ಕರ್ನಾಟಕದ ತಿದ್ದುಪಡಿ ಜಾರಿಗೆ ಬಂತು: ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು, ಆದರೆ ಅಷ್ಟರೊಳಗೆ ಮದುವೆಯಾಗಿದ್ದವರಿಗಿಲ್ಲ. “ಶ್ರಾವಣಕ್ಕೆ ಲಗ್ನ ಇಟ್ಟಿದ್ರೆ ಕೇಸೇ ಇರ್ತಿರಲಿಲ್ಲ ಕಣಯ್ಯ. ಪುರೋಹಿತರನ್ನೂ ಪ್ರತಿವಾದಿ ಮಾಡೋಣವಾ ಅಂತ ಯೋಚಿಸಿದ್ದೆ.” 2002ರಲ್ಲಿ ಅಪ್ಪ ತೀರಿಕೊಂಡ. 2005ರಲ್ಲಿ ಕೇಂದ್ರದ ತಿದ್ದುಪಡಿ ಬಂದು ಮದುವೆಯ ತಕರಾರು ಹೋಯಿತು. 2007ರಲ್ಲಿ ದಾವೆ. “ಈಗ ಹೇಳಿ ಸಾರ್, ಅಪ್ಪ ಮೊದಲೇ ಸತ್ತಿದ್ದಾನೆ, ಮಗಳಿಗೆ ಸಮಪಾಲು ಉಂಟೋ ಇಲ್ಲವೋ?”

ನಾನು ಸೇರಿದ 2011ರಲ್ಲಿ ಕೇಳಿದಾಗ ಭಾಷಣಕಾರರು, “ಧಾರಾಳವಾಗಿ ಉಂಟು, ಕೂತ್ಕೊಳ್ಳಿ” ಅಂದರು. 2015ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಫೂಲವತಿ ಪ್ರಕರಣದಲ್ಲಿ, 2005ರ ಸೆಪ್ಟೆಂಬರ್ 9ರಂದು ಅಪ್ಪನೂ ಬದುಕಿರಬೇಕು ಅಂದಿತು. ಮುಂದಿನ ಭಾಷಣಕಾರರು, “ಇಲ್ಲ. ಅಪ್ಪನ ಪಾಲಿನಲ್ಲೊಂದು ಚೂರು ಸಿಗಬಹುದು, ಕೂತ್ಕೊಳ್ಳಿ” ಅಂದರು. 2018ರ ಫೆಬ್ರವರಿಯಲ್ಲಿ ದಾನಮ್ಮ ಪ್ರಕರಣ. ಅಲ್ಲಿ ಅಪ್ಪ ಸತ್ತದ್ದು 2001ರಲ್ಲಿ, ಆದರೂ ಹೆಣ್ಣುಮಕ್ಕಳಿಗೆ ಪಾಲು ಕೊಟ್ಟರು. ಎರಡೂ ಕರ್ನಾಟಕದಿಂದಲೇ ಹೋದ ಮೊಕದ್ದಮೆಗಳು. ಆ ವರ್ಷದ ಭಾಷಣಕಾರರು ಕನ್ನಡಕ ತೆಗೆದು ಒರೆಸಿ, “ಊಟದ ಹೊತ್ತಾಯ್ತಲ್ಲವೇ?” ಎಂದು ಕೇಳಿದರು.

ನೋಟ್‌ಬುಕ್ಕಿನಲ್ಲಿ ಎಡಕ್ಕೆ ತಾರೀಖು, ಬಲಕ್ಕೆ ಉತ್ತರ, ಕೆಳಗೆ ಊಟದ ವಿವರ. ಉತ್ತರಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಆದರೆ ಹೇಳಿದ ದಿನದ ಮಟ್ಟಿಗೆ ಯಾರೂ ಸುಳ್ಳು ಹೇಳಿರಲಿಲ್ಲ. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ತೀರ್ಪು ಬಂದು, ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದು, ಅಪ್ಪ ಆ ದಿನ ಬದುಕಿರಬೇಕಾಗಿಲ್ಲ ಎಂದು ಗಂಟು ಬಿಚ್ಚಿತು. ಅದು ಕೊರೊನಾ ಕಾಲ, ಕಾರ್ಯಾಗಾರ ಮೊಬೈಲಿನಲ್ಲಿ. ಆ ಒಂದು ದಿನ ಅವರ ಪ್ರಶ್ನೆಗೆ ನೆಟ್ಟಗೆ ಉತ್ತರವಿತ್ತು, ಆದರೆ ಅವರ ಮೈಕು ಬಂದಾಗಿತ್ತು. ತೆರೆಯ ಮೇಲೆ ಬಾಯಿ ಮಾತ್ರ ಆಡುತ್ತಿತ್ತು. ಪ್ರಶ್ನೆ ಏನೆಂದು ನಮಗೆಲ್ಲ ಬಾಯಿಪಾಠವಾಗಿದ್ದರಿಂದ ನಷ್ಟವೇನೂ ಆಗಲಿಲ್ಲ. ನೋಟ್‌ಬುಕ್ಕಿನಲ್ಲಿ ಅವತ್ತಿನ ಕೊನೆಯ ಸಾಲು: ‘ಊಟ: ಮನೆಯಲ್ಲೇ. ಚಿತ್ರಾನ್ನ.’

ಇಷ್ಟೆಲ್ಲ ನಗುವ ನನ್ನ ಕಥೆಯನ್ನೂ ಹೇಳಿಬಿಡಬೇಕು. 2016ರಲ್ಲಿ ನನ್ನದೇ ಒಂದು ಪಾಲು ವಿಭಾಗದ ದಾವೆಯ ವಾದ ನಡೆದಿತ್ತು. ಎದುರು ವಕೀಲರು ಎದ್ದು “ಫೂಲವತಿ” ಅಂದರು. ನಾನು ಯಾರೋ ಸಾಕ್ಷಿಯಿರಬೇಕೆಂದು ಸಾಕ್ಷಿಪಟ್ಟಿಯಲ್ಲಿ ಹುಡುಕಿದೆ. ಎರಡು ವಾರದ ಹಿಂದಷ್ಟೇ ನಮ್ಮ ಸೀನಿಯರ್ರು ಅದೇ ತೀರ್ಪಿನ ಮೇಲೆ ಹತ್ತು ನಿಮಿಷ ಜಗ್ಗಾಡಿದ್ದರು. ನಾನು ಪಕ್ಕದಲ್ಲೇ ಕೂತು ಪರದೆಯ ಫೋಟೊ ತೆಗೆಯುತ್ತಿದ್ದೆ. ಈಗಲೂ ನನ್ನ ಮೊಬೈಲಿನಲ್ಲಿ ತೀರ್ಪುಗಳ ಪಿಡಿಎಫ್ ತುಂಬಿ ತುಳುಕುತ್ತಿವೆ. ಇಳಿಸಿಕೊಂಡದ್ದನ್ನೇ ಓದಿದ್ದು ಎಂದುಕೊಳ್ಳುವ ಜಾತಿ ನಮ್ಮದು. ದೆಹಲಿಯಲ್ಲಿ ಬಿಟ್ಟ ತೀರ್ಪು ವಿ.ಸಿ. ನಾಲೆಯ ನೀರಿದ್ದ ಹಾಗೆ, ಕೊನೇಭಾಗದ ಗದ್ದೆಗೆ ತಾನಾಗಿ ಮುಟ್ಟುವುದಿಲ್ಲ. ರಾತ್ರಿಯೆಲ್ಲ ತೂಬಿನ ಹತ್ತಿರ ಗುದ್ದಲಿ ಹಿಡಿದು ಕೂರುವವನೊಬ್ಬ ಬೇಕು. ಅಯ್ಯೋ, ನಾನೇ ಪ್ರಾಸ್ತಾವಿಕ ನುಡಿ ಶುರು ಮಾಡಿಬಿಟ್ಟೆ.

2024ರ ಜುಲೈ 1ಕ್ಕೆ ಮೂರು ಹೊಸ ಕ್ರಿಮಿನಲ್ ಕಾನೂನು ಬಂದವು. ಕೊಲೆಯ 302 ಹೋಗಿ 103 ಆಯಿತು. ಫೋರ್ ಟ್ವೆಂಟಿಯನ್ನು 318ಕ್ಕೆ ಕಳಿಸಿದರು, ಬೈಗುಳ ಮಾತ್ರ ಹಳೇ ನಂಬರಿನಲ್ಲೇ ಉಳಿಯಿತು. ನಿಷೇಧಾಜ್ಞೆಯ 144 ಈಗ ಜೀವನಾಂಶದ ಕಲಮು. “ನಿಮ್ಮ ಮಗಳಿಗೆ 144 ಹಾಕೋಣ” ಎಂದು ಒಬ್ಬರಿಗೆ ಹೇಳಿ, “ಗಂಡ ಸರಿಯಿಲ್ಲ ಅಂದ್ರೆ ಊರಿಗೇ ಕರ್ಫ್ಯೂನಾ ಸಾ?” ಅನ್ನಿಸಿಕೊಂಡೆ. ನಾಗಮಂಗಲದಲ್ಲಿ ಕಾರ್ಯಾಗಾರ. ನಾನೀಗ ಅವರ ಜೂನಿಯರ್ ಅಲ್ಲ, ಬೈಕು ಮಾತ್ರ ಇನ್ನೂ ಅವರದೇ. ವಂದನಾರ್ಪಣೆಗೆ ಮುಂಚೆ ಕೋಟು ಎದ್ದಿತು.

“ಅಮ್ಮಾ, ಒಂದು ಸಣ್ಣ ಪ್ರಶ್ನೆ. ಕೆ.ಆರ್. ಪೇಟೆಯ ಒಬ್ಬ ಹೆಣ್ಣುಮಗಳು. ಸಮಪಾಲಿಗೆ ಡಿಕ್ರಿ ಆಗಿದೆ. ಅಂತಿಮ ಡಿಕ್ರಿಗೆ ಕೋರ್ಟ್ ಕಮಿಷನರ್ ಅಳತೆಗೆ ಬರಬೇಕು. ದಾವೆ ನಡೀತಿರುವಾಗಲೇ ಅಣ್ಣಂದಿರು ರಸ್ತೆ ಪಕ್ಕದ ಜಮೀನು ಮಾರಿದಾರೆ. ಅದನ್ನ ಯಾರ ಪಾಲಿಗೆ ಹಾಕೋದು?”

“ಸಾರ್, ಇವತ್ತಿನ ವಿಷಯ ಕ್ರಿಮಿನಲ್” ಅಂದರು ಭಾಷಣಕ್ಕೆ ಬಂದಿದ್ದ ಎಳೆಯ ವಕೀಲೆ.

“ಗೊತ್ತಮ್ಮ. ಅಲ್ಲಿವರೆಗೆ ಹೋಗದೇ ಇರಲಿ ಅಂತಲೇ ಕೇಳ್ತಿರೋದು.”

ಬರುತ್ತಾ ಜಕ್ಕನಹಳ್ಳಿಯಲ್ಲಿ ಬೆನ್ನಿಗೆ ಎರಡು ಸಲ ತಟ್ಟಿದರು. ಆಲೆಮನೆ ಯಾವುದೂ ಕಾಣಲಿಲ್ಲ. ಇಳಿದು ಫೋನು ಮಾಡಿದರು. ಪ್ರತಿ ಕಾರ್ಯಾಗಾರ ಮುಗಿದ ಮೇಲೂ ಅವರು ಹೀಗೆ ಒಂದು ಫೋನು ಮಾಡುತ್ತಿದ್ದುದು ನೆನಪಿಗೆ ಬಂತು. ಮನೆಗೆ ಮಾಡುತ್ತಾರೆಂದು ಇಷ್ಟು ವರ್ಷ ಅಂದುಕೊಂಡಿದ್ದೆ.

“ಕೇಳ್ದೆ ಕಣವ್ವ. ಮಾರಿರೋದನ್ನ ಅವರ ಪಾಲಿಗೇ ಹಾಕಿ ಅಂತ ಕಮಿಷನರ್ ಮುಂದೆ ಕೇಳ್ಬೇಕಂತೆ. ಬರ್ಕೊಂಡಿದೀನಿ... ಹೂಂ, ಹೆಣ್ಣುಮಗಳೇ, ಚೆನ್ನಾಗಿ ಮಾತಾಡಿದ್ಲು...” ಆ ಕಡೆಯಿಂದ ಇನ್ನೇನೋ ಕೇಳಿರಬೇಕು. ನೋಟ್‌ಬುಕ್ಕಿನ ಅಂಟಿದ ಹಾಳೆ ಬಿಡಿಸಿ ನೋಡಿ ಹೇಳಿದರು: “ಮುದ್ದೆ, ಅವರೇಕಾಳು ಸಾರು. ಇಲ್ಲ, ಪಾಯಸ ಮಾಡಿಸಿರ್ಲಿಲ್ಲ.”