‘ಅಪ್ಪಿಕೊಂಡೆವು ಅಷ್ಟೇ, ಉಸಿರು ಅದಾಗೇ ನಿಂತಿತು’

ಮೈಕ್ರೋಸಾಫ್ಟ್ ಕಂಪನಿಯ ಇಂಟರ್ನೆಟ್ ಎಕ್ಸ್‌ಪ್ಲೋರರ್ 2022ರ ಜೂನ್ 15ರಂದು ನಿವೃತ್ತರಾದರು. ಆದರೆ ಬಹಳಷ್ಟು ದೊಡ್ಡ ಅಧಿಕಾರಿಗಳ ಹಾಗೆ ಇವರೂ ಆಫೀಸು ಬಿಟ್ಟು ಹೋಗಿಲ್ಲ. ಎಡ್ಜ್ ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ‘ಐಇ ಮೋಡ್’ ಎಂಬ ಹಿಂದಿನ ಕೋಣೆಯೊಂದಿದೆ, ಅಲ್ಲಿದ್ದಾರೆ. ಕನಿಷ್ಠ 2029ರವರೆಗೆ ಎಬ್ಬಿಸುವುದಿಲ್ಲ ಎಂದು ಕಂಪನಿ ಮಾತು ಕೊಟ್ಟಿದೆ. ನೋಡಬೇಕೆಂದರೆ ವೆಬ್‌ಸೈಟಿನ ವಿಳಾಸವನ್ನು ಪಟ್ಟಿಗೆ ಸೇರಿಸಬೇಕು. ಆ ಪಾಸು 30 ದಿನಕ್ಕೆ ತಾನಾಗಿಯೇ ರದ್ದು.

ನಾನು: ಒಂದೇ ಪ್ರೋಗ್ರಾಂ ಎಲ್ಲ ಬಗೆಯ ಕಂಪ್ಯೂಟರಿನಲ್ಲೂ ಓಡಬೇಕು ಎಂದವರಿಗೆಲ್ಲ ನಿಮ್ಮ ಕಂಪನಿ ಅಡ್ಡಗಾಲು ಹಾಕಿತು ಅಂತಾರಲ್ಲ ಸರ್?

ಎಕ್ಸ್‌ಪ್ಲೋರರ್: ಯಾರ್ರೀ ಹೇಳಿದ್ದು? ನಾನು ಮ್ಯಾಕ್‌ನಲ್ಲಿ ಓಡಿದ್ದೀನಿ. ಸನ್ ಕಂಪನಿಯ ಸೋಲಾರಿಸ್‌ನಲ್ಲಿ ಓಡಿದ್ದೀನಿ. ಎಚ್‌ಪಿಯವರ ಯುನಿಕ್ಸ್‌ನಲ್ಲೂ ಓಡಿದ್ದೀನಿ. 1997ರಲ್ಲಿ ಆಪಲ್ ಕೈ ಬರಿದಾಗಿದ್ದಾಗ ನಮ್ಮವರು 15 ಕೋಟಿ ಡಾಲರ್ ಹೂಡಿದರು. ಅದೇ ಒಪ್ಪಂದದಲ್ಲಿ ಐದು ವರ್ಷ ಮ್ಯಾಕ್‌ನ ಡೀಫಾಲ್ಟ್ ಬ್ರೌಸರ್ ನಾನೇ ಅಂತಾಯ್ತು.

ನಾನು: ಆಮೇಲೆ?

ಎಕ್ಸ್‌ಪ್ಲೋರರ್: 2003ರಲ್ಲಿ ಮ್ಯಾಕ್ ಬಿಟ್ಟೆ. ಅಷ್ಟೊತ್ತಿಗೆ ನೆಟ್‌ಸ್ಕೇಪ್ ಕಥೆ ಮುಗಿದಿತ್ತಲ್ಲ. ವೈಕುಂಠ ಸಮಾರಾಧನೆ ಊಟ ಆದ ಮೇಲೂ ಅಲ್ಲೇ ಕೂತಿದ್ರೆ ಚೆನ್ನಾಗಿರುತ್ತಾ?

ನಾನು: ನೆಟ್‌ಸ್ಕೇಪ್ ಒಂದು ಬ್ರೌಸರ್ ತಾನೇ, ಅದರ ಮೇಲೆ ಅಷ್ಟೊಂದು ಕಣ್ಣು ಯಾಕೆ?

ಎಕ್ಸ್‌ಪ್ಲೋರರ್: ನಿಮಗೆ ಬ್ರೌಸರ್. ಬಿಲ್ ಗೇಟ್ಸ್‌ಗೆ ಅದು ಬೇರೇನೋ ಕಾಣಿಸ್ತು. 1995ರ ಮೇ 26ಕ್ಕೆ ತಮ್ಮ ಹಿರಿಯ ಅಧಿಕಾರಿಗಳಿಗೆ ಉದ್ದದೊಂದು ಟಿಪ್ಪಣಿ ಬರೆದರು. ಪ್ರೋಗ್ರಾಂಗಳೆಲ್ಲ ಬ್ರೌಸರ್ ಮೇಲೇ ನಿಂತುಬಿಟ್ರೆ, ಕೆಳಗಿರೋ ಆಪರೇಟಿಂಗ್ ಸಿಸ್ಟಂ ಯಾವುದಾದರೂ ನಡೆಯುತ್ತೆ ಅನ್ನೋ ಸ್ಥಿತಿ ಬರುತ್ತೆ ಅನ್ನೋದು ಅವರ ಆತಂಕ. ಲೆಕ್ಕ ನೋಡಿ. ವಿಂಡೋಸ್‌ಗೆ ಅಂತ ಬರೆದ ಸಾಫ್ಟ್‌ವೇರ್ ಆ ಕಾಲಕ್ಕೆ 70,000ಕ್ಕೂ ಜಾಸ್ತಿ. ಐಬಿಎಂನ ಓಎಸ್/2ಗೆ 2,500ರ ಆಸುಪಾಸು. ಸಾಫ್ಟ್‌ವೇರ್ ಎಲ್ಲಿದೆಯೋ ಅಲ್ಲಿಗೆ ಜನ, ಜನ ಎಲ್ಲಿದ್ದಾರೋ ಅಲ್ಲಿಗೆ ಸಾಫ್ಟ್‌ವೇರ್ ಬರೆಯೋರು. ಈ ಬೇಲಿ ಹಾರಿ ಯಾರೂ ಬರೋಕಾಗಲ್ಲ. ಆದರೆ ಎಲ್ಲೆಡೆ ಓಡೋ ಪ್ರೋಗ್ರಾಂ ಅಂತ ಒಂದು ಹುಟ್ಟಿಕೊಂಡ್ರೆ ಹಾರೋದೇ ಬೇಡ, ಬೇಲಿಯೇ ಇರಲ್ಲ.

ನಾನು: ಅದಕ್ಕೇ ರಾತ್ರೋರಾತ್ರಿ ನೆಟ್‌ಸ್ಕೇಪ್ ಅಂಗಳಕ್ಕೆ ಹೋಗಿದ್ದಿರಾ?

ಎಕ್ಸ್‌ಪ್ಲೋರರ್: (ನಗುತ್ತಾ) ನನ್ನ ನಾಲ್ಕನೇ ಆವೃತ್ತಿ ಬಿಡುಗಡೆಯಾದ ರಾತ್ರಿ ಅದು, 1997. ನಮ್ಮ ಹುಡುಗರು ಆಳೆತ್ತರ ಮೀರಿದ ನೀಲಿ ‘ಇ’ ಅಕ್ಷರ ಸಾಗಿಸಿಕೊಂಡು ಹೋಗಿ ಮೌಂಟನ್ ವ್ಯೂನಲ್ಲಿ ಅವರ ಆಫೀಸಿನ ಹುಲ್ಲುಹಾಸಿನ ಮೇಲೆ ಇಟ್ಟು ಬಂದ್ರು. ಬೆಳಗಾಗೋದರೊಳಗೆ ಅವರು ಅದನ್ನ ಕೆಡವಿ, ಮೇಲೆ ತಮ್ಮ ಕಂಪನಿಯ ಗುರುತಾದ ಡೈನೋಸಾರ್ ನಿಲ್ಲಿಸಿ, ಕೊರಳಿಗೆ ‘ನೆಟ್‌ಸ್ಕೇಪ್ 72, ಮೈಕ್ರೋಸಾಫ್ಟ್ 18’ ಅಂತ ಬೋರ್ಡು ನೇತುಹಾಕಿದ್ರು. ಶೇಕಡಾವಾರು ಮಾರುಕಟ್ಟೆ ಲೆಕ್ಕ. ಆ ಬೋರ್ಡು ತಿರುಗುಮುರುಗಾಗೋಕೆ ಬಹಳ ದಿನ ಹಿಡಿಯಲಿಲ್ಲ.

ನಾನು: ಜಾವಾ ವಿಷಯಕ್ಕೆ ಬರೋಣ. ಒಮ್ಮೆ ಬರೆದರೆ ಎಲ್ಲೆಡೆ ಓಡುತ್ತೆ ಅಂತ ಸನ್ ಕಂಪನಿ ತಂದ ಭಾಷೆ. ನಿಮ್ಮ ಬೇಲಿಗೆ ಅದಕ್ಕಿಂತ ದೊಡ್ಡ ಕಂಟಕ ಇರಲಿಲ್ಲ. ಆದರೂ 1996ರಲ್ಲಿ ಲೈಸೆನ್ಸ್ ಪಡೆದು ಒಳಗೆ ಕರೆದುಕೊಂಡಿರಿ!

ಎಕ್ಸ್‌ಪ್ಲೋರರ್: ಕರೆದುಕೊಂಡದ್ದಷ್ಟೇ ಅಲ್ಲ, ಅಪ್ಪಿಕೊಂಡೆವು.

ನಾನು: ಧೃತರಾಷ್ಟ್ರ ಭೀಮನನ್ನು ಅಪ್ಪಿಕೊಂಡ ಹಾಗೆ?

ಎಕ್ಸ್‌ಪ್ಲೋರರ್: ಪಾಪ, ಅವನ ತೆಕ್ಕೆಗೆ ಸಿಕ್ಕಿದ್ದು ಕಬ್ಬಿಣದ ಬೊಂಬೆ. ನಮಗೆ ಅಸಲಿಯೇ ಸಿಕ್ಕಿತ್ತು.

ನಾನು: ಹಿಸುಕಿದ್ದು ಹೇಗೆ, ಸ್ವಲ್ಪ ಬಿಡಿಸಿ ಹೇಳಿ.

ಎಕ್ಸ್‌ಪ್ಲೋರರ್: (ಕುರ್ಚಿ ಮುಂದಕ್ಕೆಳೆದುಕೊಂಡು) ವಿಷುವಲ್ ಜೆ++ ಅಂತ ಒಂದು ಟೂಲ್ ಕೊಟ್ಟೆವು. ಅದರಲ್ಲಿ ಕಾಮೆಂಟ್ ಬರೆಯೋ ಜಾಗದಲ್ಲಿ ‘ಡಿಎಲ್ಎಲ್ ಇಂಪೋರ್ಟ್’ ಅಂತ ಹಾಕಿ, ಪಕ್ಕದಲ್ಲಿ ‘ಯೂಸರ್32’ ಅಂತ ಬರೆದ್ರೆ ಆಯ್ತು. ಕಾಮೆಂಟ್ ಅನ್ನೋದು ಮನುಷ್ಯರು ಓದೋಕೆ, ಕಂಪೈಲರ್ ಅದನ್ನ ದಾಟಿಕೊಂಡು ಹೋಗುತ್ತೆ. ನಮ್ಮ ಕಂಪೈಲರ್ ಮಾತ್ರ ನಿಂತು ಓದೋದು, ಓದಿ ಸೀದಾ ವಿಂಡೋಸ್ ಹೊಟ್ಟೆಗೇ ಕೊಂಡಿ ಹಾಕೋದು. ಪ್ರೋಗ್ರಾಂ ಬರೆಯೋ ಹುಡುಗನಿಗೆ ಮೆಸೇಜ್ ಬಾಕ್ಸ್ ಥಟ್ಟಂತ ಬಂತು, ಖುಷಿಯೋ ಖುಷಿ. ಅದನ್ನೇ ಸೋಲಾರಿಸ್‌ಗೆ ಒಯ್ದ ಅನ್ನಿ, ಅಲ್ಲಿ ಕಾಮೆಂಟ್ ಬರೀ ಕಾಮೆಂಟು. ಪ್ರೋಗ್ರಾಂ ಅಂಗಾತ. ನಾವು ಯಾರಿಗೂ ಬೇಡ ಅನ್ನಲಿಲ್ಲ, ಯಾರ ಕೈಯನ್ನೂ ಕಟ್ಟಲಿಲ್ಲ. ಸನ್‌ನವರ ಜೆಎನ್ಐ ಅಂತ ಎಲ್ಲರಿಗೂ ಹೊಂದೋ ದಾರಿ ಒಂದಿತ್ತು, ನನ್ನ ನಾಲ್ಕನೇ ಆವೃತ್ತಿಯಲ್ಲಿ ಅದನ್ನ ಸೇರಿಸೋದು ಮರೆತೇಹೋಯ್ತು. ಅವರು ಅಷ್ಟಕ್ಕೇ ಕೋರ್ಟಿಗೆ ಹೋದರು.

ನಾನು: ಮರೆವೇ? ಕಲಬೆರಕೆ ಜಾವಾವನ್ನು ಬೆಳೆಸಿ ಎಲ್ಲೆಡೆ ಓಡುವ ಜಾವಾವನ್ನು ಕೊಲ್ಲುವುದು ಎಂಬ ಗುರಿ ನಿಮ್ಮದೇ ಕಡತದಲ್ಲಿ ಸಿಕ್ಕಿತಲ್ಲ?

ಎಕ್ಸ್‌ಪ್ಲೋರರ್: ಆಫೀಸಿನಲ್ಲಿ ನೂರು ಮಾತು ಬರೀತಾರೆ ಸ್ವಾಮಿ. ಅಮೆರಿಕ ಸರ್ಕಾರ ನಮ್ಮ ಮೇಲೆ ಹಾಕಿದ್ದ ಏಕಸ್ವಾಮ್ಯದ ಕೇಸಿನಲ್ಲಿ, 1998ರ ಆಗಸ್ಟ್‌ನಲ್ಲಿ ಗೇಟ್ಸ್ ಅವರನ್ನ ಕ್ಯಾಮೆರಾ ಮುಂದೆ ಕೂರಿಸಿ ವಿಚಾರಣೆ ಮಾಡಿದ್ರು. ಒಂದೊಂದು ಪದಕ್ಕೂ ‘ಹಾಗಂದ್ರೆ ಏನು’ ಅಂತ ಅವರು ವಕೀಲರನ್ನೇ ಕೇಳಿದ್ರು. ಆ ವಿಡಿಯೊ ನೋಡಿ ನ್ಯಾಯಾಧೀಶರಿಗೂ ನಗು ತಡೆಯೋಕಾಗಲಿಲ್ಲ.

(ನಕ್ಕ ನ್ಯಾಯಾಧೀಶ ಥಾಮಸ್ ಪೆನ್‌ಫೀಲ್ಡ್ ಜಾಕ್ಸನ್ 2000ದ ಜೂನ್‌ನಲ್ಲಿ ಕಂಪನಿಯನ್ನು ಎರಡು ಹೋಳು ಮಾಡಲು ಆದೇಶಿಸಿದ್ದನ್ನು ಇವರು ಹೇಳಲಿಲ್ಲ. ಮರುವರ್ಷ ಮೇಲ್ಮನವಿಯಲ್ಲಿ ಹೋಳಾಗುವುದು ತಪ್ಪಿತು. ಏಕಸ್ವಾಮ್ಯ ಉಳಿಸಿಕೊಳ್ಳಲು ಕಾನೂನು ಮುರಿದದ್ದು ನಿಜವೆಂಬ ತೀರ್ಪು ತಪ್ಪಲಿಲ್ಲ.)

ನಾನು: ಸನ್ ಜೊತೆ ಕೊನೆಗೆ 2004ರಲ್ಲಿ ರಾಜಿಯಾಯಿತು. ಎಲ್ಲ ಬಾಬ್ತು ಸೇರಿ ಸುಮಾರು 195 ಕೋಟಿ ಡಾಲರ್. ದುಬಾರಿ ಅನ್ನಿಸಲಿಲ್ಲವೇ?

ಎಕ್ಸ್‌ಪ್ಲೋರರ್: ಅಷ್ಟೂ ವರ್ಷ ವಿಂಡೋಸ್ ಎಷ್ಟು ಮಾರಿದೆವು ಅಂತ ಕೇಳಿದ್ರೆ ನೀವು ಈ ಪ್ರಶ್ನೆ ಕೇಳ್ತಿರಲಿಲ್ಲ.

ನಾನು: ಗೆದ್ದ ಮೇಲೆ ನೀವು ಮೈ ಮುರಿದು ಕೆಲಸ ಮಾಡಿದ್ದೇನೂ ಕಾಣೆ. ಆರನೇ ಆವೃತ್ತಿ 2001ರಲ್ಲಿ, ಏಳನೆಯದು 2006ರಲ್ಲಿ.

ಎಕ್ಸ್‌ಪ್ಲೋರರ್: ಕೆಲಸ ನೀವೇ ಮಾಡಿಕೊಡ್ತಿದ್ರಲ್ಲ! ನಿಮ್ಮ ಕನ್ನಡದ ನುಡಿ, ಬರಹ ಎರಡೂ ಬಂದದ್ದು ವಿಂಡೋಸ್‌ಗೆ. ನಿಮ್ಮ ದೇಶದ ಸರ್ಕಾರಿ ಸೈಟುಗಳ ಕೆಳಗೆ ‘ಎಕ್ಸ್‌ಪ್ಲೋರರ್‌ನಲ್ಲಿ ನೋಡಿದರೆ ಚೆನ್ನ’ ಅಂತ ಸಾಲು ಇರ್ತಿತ್ತು. ಆಗ ಎಷ್ಟೋ ಕಡೆ ಟೆಂಡರ್ ಹಾಕೋಕೆ ಡಿಜಿಟಲ್ ಸಹಿ ಬೇಕು, ಸಹಿಗೆ ಆಕ್ಟಿವ್ಎಕ್ಸ್ ಬೇಕು, ಆಕ್ಟಿವ್ಎಕ್ಸ್‌ಗೆ ನಾನು ಬೇಕು, ನನಗೆ ವಿಂಡೋಸ್ ಬೇಕು. ಹೀಗೆ ಗುತ್ತಿಗೆದಾರರೂ ನಮ್ಮ ಗಿರಾಕಿಗಳೇ. ಇದಕ್ಕಾಗಿ ಒಂದು ಪತ್ರವನ್ನೂ ನಾವು ಬರೆದವರಲ್ಲ.

ನಾನು: ಈಗ ಕಾಲ ಬದಲಾಗಿದೆ. ಮಣಿಪಾಲದಲ್ಲಿ ಓದಿದ ಸತ್ಯ ನಾದೆಲ್ಲಾ ಮುಖ್ಯಸ್ಥರಾಗಿ ಬಂದರು, ಐಪ್ಯಾಡ್‌ಗೆ ಆಫೀಸ್ ಬಂತು, ಲಿನಕ್ಸ್ ಎಂದರೆ ಪ್ರೀತಿ ಅಂತ ಘೋಷಣೆಯೂ ಆಯಿತು.

ಎಕ್ಸ್‌ಪ್ಲೋರರ್: ಅದೇ ಲಿನಕ್ಸನ್ನ 2001ರಲ್ಲಿ ಆಗಿನ ನಮ್ಮ ಮುಖ್ಯಸ್ಥ ಸ್ಟೀವ್ ಬಾಮರ್ ಕ್ಯಾನ್ಸರ್ ಅಂದಿದ್ರು. ಇನ್ನೂ ಕೇಳಿ. ಜಾವಾದಲ್ಲಿ ಬರೆದ ಮೈನ್‌ಕ್ರಾಫ್ಟ್ ಆಟ ಇದೆಯಲ್ಲ, ಆ ಕಂಪನಿಯನ್ನ 2014ರಲ್ಲಿ 250 ಕೋಟಿ ಡಾಲರ್ ಕೊಟ್ಟು ಕೊಂಡರು. 2021ರಿಂದ ತಮ್ಮದೇ ಓಪನ್‌ಜೆಡಿಕೆ ಹಂಚ್ತಿದ್ದಾರೆ. ಮೈಕ್ರೋಸಾಫ್ಟ್ ಹೆಸರಲ್ಲಿ ಶುದ್ಧ ಜಾವಾ, ಬಿಟ್ಟಿಯಾಗಿ! ಎಡ್ಜ್ ಅನ್ನೋ ನಮ್ಮ ಹುಡುಗ ಲಿನಕ್ಸ್‌ನಲ್ಲೂ ಓಡ್ತಾನೆ, ಅವನೊಳಗಿನ ಎಂಜಿನ್ ಗೂಗಲ್ಲಿನವರ ಕ್ರೋಮಿಯಂ.

ನಾನು: ಹಾಗಾದರೆ ಮನಃಪರಿವರ್ತನೆ?

ಎಕ್ಸ್‌ಪ್ಲೋರರ್: ಕ್ಲೌಡ್ ಶುರು ಮಾಡಿದಾಗ ಅದರ ಹೆಸರು ವಿಂಡೋಸ್ ಅಜೂರ್. 2014ರಲ್ಲಿ ‘ವಿಂಡೋಸ್’ ಅನ್ನೋದನ್ನ ಕಿತ್ತು ‘ಮೈಕ್ರೋಸಾಫ್ಟ್ ಅಜೂರ್’ ಅಂತ ಮಾಡಿದ್ರು. ಅಲ್ಲಿ ಲಿನಕ್ಸ್ ಓಡಲಿ, ಜಾವಾ ಓಡಲಿ, ಮೀಟರ್ ನಮ್ಮದೇ ಓಡುತ್ತೆ. ಬೇಲಿ ಕಾಯೋ ಖರ್ಚು ಯಾಕೆ ಹೇಳಿ?

ನಾನು: ಮುಂದೆ ಆ ಮೀಟರಿಗೇ ಯಾರಾದರೂ ಕೈ ಹಾಕಿದರೆ?

ಎಕ್ಸ್‌ಪ್ಲೋರರ್: ಅವರನ್ನೂ ಪ್ರೀತಿಯಿಂದಲೇ ಒಳಗೆ ಕರೆದುಕೊಳ್ತೀವಿ. ಸ್ವಲ್ಪ ತಡೀರಿ, ಯಾವುದೋ ಇಲಾಖೆಯ ಟೆಂಡರ್ ಸೈಟು ಕರೀತಿದೆ, ಸಹಿ ಹಾಕಿಸಬೇಕಂತೆ.