ಹಸಿರು ಪರದೆಯವರಿಗೊಂದು ಬಹಿರಂಗ ಪತ್ರ

ಗೆ,
ಮಾನ್ಯ ಹಸಿರು ಪರದೆಯವರು,
ತಪಾಸಣಾ ಕೋಣೆ, ಕಲಬುರಗಿ

ಕೆಂಪು ಬಾಳೆಯ ಕಮಲಾಪುರದಿಂದ ಶಕ್ತಿ ಯೋಜನೆಯ ಬಸ್ ಹತ್ತಿ ದವಾಖಾನೆಗೆ ಬರುವ ಹೆಣ್ಣುಮಕ್ಕಳೆಲ್ಲರ ಪರವಾಗಿ ತಮಗೆ ಶರಣು ಶರಣಾರ್ಥಿ.

ಗಂಡು ಡಾಕ್ಟರು ಹೆಣ್ಣುಮಗಳನ್ನು ಮುಟ್ಟಿ ನೋಡುವಾಗ ಸಿಸ್ಟರ್ ನಿಲ್ಲಬೇಕಾದ ಜಾಗದಲ್ಲಿ ತಾವೊಬ್ಬರೇ ನಿಂತಿದ್ದೀರಿ. ಅಲ್ಲ, ನೇತಾಡುತ್ತಿದ್ದೀರಿ. ಅಗಲ ಸಾಲದು, ಫ್ಯಾನು ಹಾಕಿದರೆ ಹಾರುತ್ತೀರಿ. ಆದರೂ ಸಂಬಳ ಕೇಳಿದವರಲ್ಲ, ರಜೆ ಹಾಕಿದವರಲ್ಲ. ಕಂಡದ್ದನ್ನು ಯಾರ ಮುಂದೂ ಬಾಯಿಬಿಟ್ಟವರಂತೂ ಅಲ್ಲವೇ ಅಲ್ಲ. ಆಡಳಿತ ಮಂಡಳಿಗೆ ಇಂಥ ನೌಕರರು ಇನ್ನೆಲ್ಲಿ ಸಿಕ್ಕಾರು?

ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ರೋಗಿಗಳ ಹಕ್ಕುಗಳ ಸನ್ನದು ಸಿದ್ಧಪಡಿಸಿತು. ಗಂಡು ವೈದ್ಯರು ಪರೀಕ್ಷಿಸುವಾಗ ಇನ್ನೊಬ್ಬ ಹೆಣ್ಣು ಜೊತೆಗಿರುವುದು ಮಹಿಳಾ ರೋಗಿಯ ಹಕ್ಕು, ಅದಕ್ಕೆ ವ್ಯವಸ್ಥೆ ಮಾಡುವುದು ಆಸ್ಪತ್ರೆಯ ಹೊಣೆ ಎಂದು ಅದರಲ್ಲಿದೆ. ತಮ್ಮ ಹೆಸರು ಮಾತ್ರ ಎಲ್ಲೂ ಇಲ್ಲ. ಎಂಥ ಅನ್ಯಾಯ!

ಸಿಸ್ಟರ್ ಎಲ್ಲಿ ಎಂದು ಕೇಳಿದರೆ, “ಮಂದಿ ಇಲ್ರಿ, ನಿಮ್ಮವರನ್ನೇ ಕರ್ಕೊಂಡು ಬರ್ರಿ” ಎಂಬ ಉತ್ತರ. ಅತ್ತೆ ಒಳಬರುತ್ತಾಳೆ. ಬಿಳಿ ಮುಟ್ಟು ಎಷ್ಟು ದಿನದಿಂದ ಎಂದು ಡಾಕ್ಟರು ಸೊಸೆಯನ್ನು ಕೇಳುತ್ತಾರೆ. ಸೊಸೆ ನೆಲ ನೋಡುತ್ತಾಳೆ. “ಏನಿಲ್ರಿ ಸಾಹೇಬ್ರಾ, ಛಂದ ಅದಾಳ” ಎಂದು ಅತ್ತೆಯೇ ರೋಗ ಗುಣಪಡಿಸುತ್ತಾಳೆ. ಇಂಥ ಪರೀಕ್ಷೆಯಲ್ಲಿ ರೋಗಿಯ ಸಂಬಂಧಿಕರನ್ನು ನಿಷ್ಪಕ್ಷಪಾತ ಸಾಕ್ಷಿಯೆಂದು ಬ್ರಿಟನ್ನಿನ ಜನರಲ್ ಮೆಡಿಕಲ್ ಕೌನ್ಸಿಲ್ ಒಪ್ಪುವುದಿಲ್ಲ. ಅಷ್ಟು ದೂರದವರಿಗೆ ನಮ್ಮ ಅತ್ತೆಯರ ಪರಿಚಯ ಹೇಗಾಯಿತೋ!

ಕಾನೂನಿನ ಕರುಣೆಯನ್ನೂ ಕೇಳಿ. ಬಂಧಿತ ಹೆಂಗಸನ್ನು ಪೊಲೀಸರು ತಪಾಸಣೆಗೆ ಕಳಿಸಿದರೆ, ಮಹಿಳಾ ವೈದ್ಯರೇ ನೋಡಬೇಕು, ಇಲ್ಲವೇ ಅವರ ಮೇಲ್ವಿಚಾರಣೆಯಲ್ಲಿ ನೋಡಬೇಕು ಎನ್ನುತ್ತದೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 51ನೇ ಕಲಮು. ಬರೀ ಹೊಟ್ಟೆನೋವಿನವಳಿಗೆ ತಾವೇ ಗತಿ. ಕಮಲಾಪುರದಿಂದ ಹೊರಡುವ ಮುಂಚೆ ಸಣ್ಣದೊಂದು ಕಳ್ಳತನ ಮಾಡಿಕೊಂಡೇ ಬಸ್ ಹತ್ತುವುದು ಲೇಸೇನೋ.

ಡಾಕ್ಟರ ಪರವಾಗಿಯೂ ಒಂದು ಮಾತು. ನಾಳೆ ಅವರ ಮೇಲೆ ಸುಳ್ಳು ದೂರು ಬಂದರೆ, ಕೋರ್ಟಿನ ಕಟಕಟೆ ಹತ್ತಿ ತಾವು ಸಾಕ್ಷಿ ನುಡಿಯುವಿರಾ?

ತಾವು ರಾಜೀನಾಮೆ ಕೊಡಬೇಕೆಂದು ನಾವು ಕೇಳುತ್ತಿಲ್ಲ. ಮರೆ ಬೇಕೇ ಬೇಕು. ಒಂದಿಷ್ಟು ಸರಿದು ಸಿಸ್ಟರ್‌ಗೆ ನಿಲ್ಲಲು ಜಾಗ ಬಿಡಿ. ‘ಜೊತೆಗೆ ಹೆಣ್ಣು ಸಿಬ್ಬಂದಿ ಬೇಕಾದರೆ ಕೇಳಿರಿ’ ಎಂದು ಬಾಗಿಲಿಗೆ ಬೋರ್ಡು ಹಾಕಲು ಸಾಹೇಬರಿಗೂ ಹೇಳಿ. ಕನ್ನಡದಲ್ಲಿ, ಉರ್ದುವಿನಲ್ಲಿ, ದೊಡ್ಡ ಅಕ್ಷರದಲ್ಲಿ.

ಇಂತಿ,
ಪಾಳಿಯಲ್ಲಿ ಕೂತಿರುವ ಒಬ್ಬಳು